ಎರಡು ಹಬ್ಬಗಳ ಹಿರಿಯ

ಹಿರಿಯನೆಂಬ ಹೆಸರಿನ ಗಾಡಿಯವನ ನಗೆ ಅವನಿಗಿಂತ ಮೊದಲೇ ರಸ್ತೆಯ ತಿರುವು ದಾಟಿ ಬರುತ್ತಿತ್ತು. ನಾನು ಉದಕಮಂಡಲದಲ್ಲಿ ಮೇಷ್ಟರಾಗಿದ್ದ ಆ ದಿನಗಳಲ್ಲಿ, ಎದುರಿನ ಮರವೂ ಕಾಣದಷ್ಟು ಮಂಜು ಕವಿದ ಮುಂಜಾನೆಗಳಲ್ಲಿ, ಆ ನಗೆ ಕೇಳಿದೊಡನೆ ಆಲೂಗಡ್ಡೆಯ ಗಾಡಿ ಬಂತೆಂದು ಪೇಟೆಯವರು ಅಂಗಡಿಯ ಹಲಗೆ ತೆಗೆಯುತ್ತಿದ್ದರು. ಆಜಾನುಬಾಹು, ಯಾರೋ ಬಿಳಿಯ ದೊರೆ ಕೊಟ್ಟ ಕಪ್ಪು ಕೋಟಿನ ತೋಳುಗಳು ಅವನ ಮಣಿಕಟ್ಟನ್ನು ಮುಟ್ಟಲಾರದೆ ನಡುದಾರಿಯಲ್ಲೇ ಸೋತು ನಿಲ್ಲುತ್ತಿದ್ದವು. ಇಳಿಜಾರಿನಲ್ಲೂ ಏರು ಹತ್ತುವವನಂತೆ ಮುಂದಕ್ಕೆ ಬಾಗಿ ನಡೆಯುವುದು ಅವನ ರೂಢಿ.

ನೀಲಗಿರಿಯ ಬಡಗರ ಹಟ್ಟಿಯಲ್ಲಿ ಹುಟ್ಟಿದ ಅವನು ಯೌವನದಲ್ಲಿ, ತನ್ನ ಮನಸ್ಸೊಪ್ಪಿ, ಕ್ರೈಸ್ತನಾದ. ಹಟ್ಟಿ ಬಾಗಿಲು ಮುಚ್ಚಿತು. ಅವನು ಯಾರನ್ನೂ ದೂರಲಿಲ್ಲ. ಕ್ರಿಸ್‌ಮಸ್ಸಿನ ದಿನ ಇಗರ್ಜಿಯಲ್ಲಿ ಅವನ ಕಂಠವೇ ಉಳಿದೆಲ್ಲ ಕಂಠಗಳನ್ನೂ ಕೈಹಿಡಿದು ನಡೆಸುತ್ತಿತ್ತು. ಆದರೆ ಮರುದಿನದಿಂದ ಮಾತು ಉಡುಗಿಹೋಗುತ್ತಿತ್ತು. ಕಾರಣ ಕೇಳಿದಾಗ ಒಮ್ಮೆ ಹೇಳಿದ: “ಎನ್ನ ಹಬ್ಬ ಮುಗೀತು ಮೇಷ್ಟ್ರೇ, ಅವ್ವೆಯ ಹಬ್ಬ ಬತ್ತದೆ.”

ಬಡಗರ ಮೂಲತಾಯಿ ಹೆತ್ತೆಯ ಹಬ್ಬ ಬರುವುದು ಆ ದಿನಗಳಲ್ಲೇ. ಬಿಳಿಯುಟ್ಟ ಜನ ಸಾಲುಗಟ್ಟಿ ಗುಡಿಗೆ ನಡೆಯುವಾಗ ಹಿರಿಯ ದಾರಿಯಂಚಿನಲ್ಲಿ ನಿಂತು, ಸಾಲಿನಲ್ಲಿ ತಾಯಿಯನ್ನು ಹುಡುಕಿ, ಕಣ್ತುಂಬ ನೋಡಿ ಹಿಂದಿರುಗುತ್ತಿದ್ದ.

ಒಂದು ವರ್ಷ ನಾನೂ ಜೊತೆಗಿದ್ದೆ. ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ನಮ್ಮ ಕಣ್ಣೆದುರೇ ಅವನ ಮುದಿತಾಯಿ ಜಾರಿಬಿದ್ದಳು, ಪಾದ ಉಳುಕಿತು. ಹಿರಿಯನ ಅಣ್ಣ ಭೀಮ, ಕೃಶಕಾಯ, ಅವಳನ್ನೆತ್ತಿ ಸ್ವಲ್ಪ ದೂರ ನಡೆದು ಏದುಸಿರುಬಿಟ್ಟು ಕುಳಿತ. ಮನೆಗೆ ಕಳಿಸೋಣವೆಂದರು ಕೆಲವರು. ಮುದುಕಿ ಒಪ್ಪಲಿಲ್ಲ, ಈ ವರ್ಷ ಬಿಟ್ಟರೆ ಹೆತ್ತೆಯನ್ನು ಮತ್ತೆ ಕಾಣುವೆನೋ ಇಲ್ಲವೋ ಎಂದು ಅತ್ತಳು. ಹಿರಿಯ ಕೋಟು ಬಿಚ್ಚಿ ನನ್ನ ಕೈಗಿಟ್ಟು ಮುಂದೆ ಹೋದ.

“ಮುಟ್ಟಬೇಡ!” ಎಂದ ಭೀಮ. “ಮಡಿ ಕೆಡುತ್ತದೆ.”

ಮುದುಕಿ ತಲೆಯೆತ್ತಿದಳು. “ಎನ್ನ ಒಡಲಲಿ ಇದ್ದವ ಎನ್ನ ಮುಟ್ಟಿದರೆ ಏನು ಕೆಡುತ್ತದೆ? ಹೆತ್ತೆಗೂ ಹೆತ್ತ ನೋವು ಗೊತ್ತು. ಎತ್ತು ಮಗ.”

ಅವ್ವೆಯನ್ನು ಬೆನ್ನಿಗೇರಿಸಿಕೊಂಡು ಗುಡ್ಡ ಹತ್ತಿದ ಹಿರಿಯ, ಗುಡಿಯ ಎಲ್ಲೆಗಲ್ಲಿನ ಬಳಿ ತಾನಾಗಿ ನಿಂತ, ಇಳಿಸಿದ, ಒಂದು ಹೆಜ್ಜೆಯನ್ನೂ ಮುಂದಿಡದೆ ಅಲ್ಲೇ ಕುಳಿತ. ಮಧ್ಯಾಹ್ನ ಭೀಮನೇ ಎಲೆಯಲ್ಲಿ ಅನ್ನ ತಂದು ಮುಂದಿಟ್ಟು, ಉಂಡು ಮುಗಿಯುವ ತನಕ ಹೋಗದೆ, ಪಕ್ಕದಲ್ಲಿ ನಿಂತ.

ಸುದ್ದಿ ಇಗರ್ಜಿಗೂ ಮುಟ್ಟಿತು. ಅನ್ಯದೇವರ ಹಬ್ಬಕ್ಕೆ ಏಕೆ ಹೋದೆಯೆಂದು ಪಾದ್ರಿಗಳು ಕೇಳಿದರು.

“ಹಬ್ಬಕ್ಕೆ ಹೋಗಲಿಲ್ಲ ಅಯ್ಯಾ, ಅವ್ವೆಗಾಗಿ ಹೋದೆ. ಬರುವ ವರ್ಷವೂ ಹೋಗುವೆ.”

ಹಾಡಿನ ಮುಂದಾಳುತನ ಕೈತಪ್ಪಿತು. ಅವನು ಕಡೆಯ ಬೆಂಚಿನಲ್ಲಿ ಕುಳಿತು, ಅದೇ ಭಕ್ತಿಯಿಂದ ಹಾಡಿದ. ಮರುವರ್ಷವೂ ಅವ್ವೆಯನ್ನು ಹೊತ್ತ. ಅದರ ಮುಂದಿನ ವರ್ಷ ಹೊರಲು ಅವಳಿರಲಿಲ್ಲ. ಸಾವಿನ ದಿನ ಹಟ್ಟಿಯಿಂದ ಅವನಿಗೆ ಕರೆ ಕಳಿಸಿದವನು ಭೀಮ.

ಇಂಥವರನ್ನು ಎರಡು ಕಡೆಗೂ ಸಲ್ಲದವರೆಂದು ಲೋಕ ಸುಲಭವಾಗಿ ಕರೆದುಬಿಡುತ್ತದೆ. ನಾನು ಹಾಗೆ ಕರೆಯಲಾರೆ. ನಂಬಿದ್ದನ್ನು ಬಿಡದೆ, ಬಿಟ್ಟುಬಂದದ್ದನ್ನು ದ್ವೇಷಿಸದೆ ಬಾಳುವವರು ಯಾವ ಮತದಲ್ಲೂ ಹೆಚ್ಚು ಜನರಿಲ್ಲ. ಅವರ ಪ್ರತಿಯೊಂದು ಸಂತೋಷದಲ್ಲೂ ನೋವಿನದೊಂದು ಪಾಲು ಬೆರೆತೇ ಇರುತ್ತದೆ. ಆ ಪಾಲನ್ನು ಅವರು ಮತ್ತೊಬ್ಬರ ತಲೆಗೆ ಕಟ್ಟುವುದಿಲ್ಲ.