ಮಾತು ಬಿಟ್ಟ ಬೆಳಗು

“ನಿಲ್ಸೀ!” ಎಂದು ಅವಳು ಕೂಗಿದ್ದೂ, ದೋಣಿಯ ಮೂತಿಯ ಕೆಳಗೆ ಮರ ಮುರಿದ ಸದ್ದಾದದ್ದೂ ಒಟ್ಟಿಗೇ ಆಯಿತು. ಜಲ್ಲಿ ಹೇರಿದ ಸರಕು ದೋಣಿ ಅದು, ನಿಲ್ಲೆಂದರೆ ನಿಲ್ಲುವ ಎತ್ತಿನ ಗಾಡಿಯಲ್ಲ. ಹಿಂದಿನ ಗೂಡಿನಲ್ಲಿ ಚುಕ್ಕಾಣಿ ಹಿಡಿದಿದ್ದ ಗಂಡ ಎಂಜಿನ್ ಆರಿಸಿದರೂ ತನ್ನ ಭಾರಕ್ಕೆ ತಾನೇ ಮುಂದೆ ಸರಿಯುತ್ತ ಹೋಯಿತು. ಕಬ್ಬಿಣದ ತಳಕ್ಕೆ ಏನೋ ಉಜ್ಜಿಕೊಂಡು ಹಿಂದಕ್ಕೆ ಹೋದದ್ದು ಅವಳ ಅಂಗಾಲಿಗೆ ತಿಳಿಯಿತು.

“ಏನೇ ಅದು?” ಗಂಡ ಕೂಗಿದ.

ಅವಳು ಬಗ್ಗಿ ನೋಡಿದಳು. ಮಂಜಿನಲ್ಲಿ ಒಂದು ಹಲಗೆ ತೇಲುತ್ತಿತ್ತು. ಅದಕ್ಕೂ ಮೊದಲು, ಒಂದೇ ಒಂದು ಕ್ಷಣ, ಹುಟ್ಟನ್ನು ಅಡ್ಡ ಹಿಡಿದ ಎರಡು ಕೈಗಳನ್ನು ಅವಳು ನೋಡಿದ್ದಳು.

“ದಿಮ್ಮಿ,” ಎಂದಳು. “ತೇಲಿ ಬಂದಿತ್ತು. ನಡೀರಿ.”

ಬಾಯಿಂದ ಬಂದ ಆ ಮಾತು ತನ್ನದೇ ಎಂದು ಅವಳಿಗೆ ನಂಬಲಾಗಲಿಲ್ಲ. ಆದರೆ ಸುಳ್ಳು ಅವರಿಗೆ ಹೊಸದಾಗಿರಲಿಲ್ಲ. ಗಂಡನ ಕಣ್ಣು ಮಸುಕಾಗಿ ಬಹಳ ಕಾಲವಾಗಿತ್ತು. ಎದುರಿಗೆ ನಿಂತವನ ಮುಖ ಅವನಿಗೆ ಬೂದಿ ಬಳಿದ ಗೋಡೆಯಂತೆ ಕಾಣುತ್ತಿತ್ತು. ಇದು ಹೊರಗೆ ತಿಳಿದರೆ ದೋಣಿ ಕೈತಪ್ಪುತ್ತದೆ, ದೋಣಿ ಹೋದರೆ ಮನೆಯೂ ಹೋಗುತ್ತದೆ. ಅವರ ಒಲೆ, ಹಾಸಿಗೆ, ಮಗಳು ಹುಟ್ಟಿದ ಜಾಗ ಎಲ್ಲವೂ ಆ ಗೂಡಿನ ಹಿಂದಿನ ಕೋಣೆಯೇ. ಹಾಗಾಗಿ ಅವಳು ಮೂತಿಯ ಮೇಲೆ ಸೊಪ್ಪು ಬಿಡಿಸುವ ನೆಪದಲ್ಲಿ ಕೂತು, ಅವನ ಕಣ್ಣಾದಳು. ದಾರಿ ಹೇಳಿದರೆ ಕೇಳಿದವರಿಗೆ ಅನುಮಾನ ಬರುತ್ತದೆ, ಬೈದರೆ ಯಾರಿಗೇನು? “ಬಲಗೈಗೆ ಏನು ಲಕ್ವಾ ಹೊಡೆದಿದೆಯಾ?” ಎಂದರೆ ಬಲಕ್ಕೆ ತಿರುಗಿಸು ಎಂದು. “ಏನ್ ಅವಸರ, ಮಾವನ ಮನೇಲಿ ಎಲೆ ಹಾಕಿದಾರಾ?” ಎಂದರೆ ಸೇತುವೆ ಬಂತು, ನಿಧಾನ ಮಾಡು ಎಂದು. ಕಾಲುವೆಯ ಉದ್ದಕ್ಕೂ ಅವಳಿಗೆ ಗಯ್ಯಾಳಿ ಎಂದು ಹೆಸರಾಯಿತು. “ಚುಕ್ಕಾಣಿ ಗಂಡನ ಕೈಲಿ, ಗಂಡ ಹೆಂಡತಿ ಬಾಯಲ್ಲಿ” ಎಂದು ಬೇರೆ ದೋಣಿಯವರು ನಗುತ್ತಿದ್ದರು. ಇವರಿಬ್ಬರೂ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಅವರಿಗಿಂತ ಹೆಚ್ಚು ನಗುತ್ತಿದ್ದರು.

ಈ ಬೆಳಿಗ್ಗೆ ಮಾತ್ರ ಜಗಳ ನಿಜವಾದದ್ದು. ಮಂಜು ಕರಗುವವರೆಗೆ ಕಾಯೋಣ ಎಂದಿದ್ದಳು ಅವಳು. ಇನ್ನು ಈ ಕೆಲಸವೇ ಸಾಕು, ಮಗಳ ಮನೆಗೆ ಹೋಗೋಣ ಎಂದೂ ಸೇರಿಸಿದ್ದಳು.

“ಅಳಿಯನ ಮನೆ ಮೂಲೇಲಿ ಕುರುಡನ ಹಾಗೆ ಕೂರಬೇಕಾ? ನೀನು ಸ್ವಲ್ಪ ಬಾಯಿ ಮುಚ್ಕೊಂಡಿದ್ರೆ ನನಗೆ ಎಲ್ಲಾ ಕಾಣುತ್ತೆ!”

“ಸರಿ ಹಾಗಾದ್ರೆ. ಮುಚ್ಕೊಂಡೆ.”

ಮುಚ್ಚಿಕೊಂಡಿದ್ದಳು. ಇಕ್ಕಟ್ಟಿನ ತಿರುವು ಕಳೆದು ಕಾಲುವೆ ನೇರವಾಗಿ ಸಾಗುವ ಜಾಗ. ಅಲ್ಲಿ ಹೇಳುವಂಥದ್ದೂ ಏನಿರಲಿಲ್ಲ. ಮಾತು ಬಿಟ್ಟವಳ ಹಟದಲ್ಲಿ ತುಟಿ ಬಿಗಿಹಿಡಿದು, ಮೊಣಕಾಲಿಗೆ ಗದ್ದವೂರಿ ಕೂತಿದ್ದಳು.

“ದಿಮ್ಮಿ ಹಾಗೆ ಮುರಿಯಲ್ಲ ಕಣೇ,” ಎಂದ ಗಂಡ. ಅವನು ಗೂಡಿನಿಂದ ಹೊರಗೆ ಬಂದಿದ್ದ. “ಸುಮ್ನಿರು. ಕೇಳು.”

ಎಂಜಿನ್ ಆರಿದ ಮೇಲೆ ಕಾಲುವೆ ನಿಶ್ಶಬ್ದವಾಗಿತ್ತು. ಹಿಂದುಗಡೆ ಎಲ್ಲೋ ಯಾರೋ ಕೆಮ್ಮಿದರು. ನೀರು ತುಂಬಿಕೊಂಡ ಕೆಮ್ಮು.

ಅವಳು ಜಲ್ಲಿಯ ರಾಶಿ ತುಳಿದು ಓಡುವಷ್ಟರಲ್ಲಿ ಗಂಡ ಉಟ್ಟ ಬಟ್ಟೆಯಲ್ಲೇ ನೀರಿಗಿಳಿದಿದ್ದ. ನೀರಿನೊಳಗೆ ಯಾರಿಗೂ ಕಣ್ಣು ಕಾಣುವುದಿಲ್ಲ, ಅಲ್ಲಿ ಅವನು ಎಲ್ಲರಂತೆಯೇ. ಕೆಮ್ಮಿನ ಜಾಡು ಹಿಡಿದು ಈಜಿದ. ಅವಳು ಕೊಕ್ಕೆಯ ಗಳ ಚಾಚಿ ಹಿಡಿದಳು. ಇಬ್ಬರೂ ಸೇರಿ ಎಳೆದು ಮೇಲೆ ಹಾಕಿದಾಗ ಮುಖ ನೋಡಿ ಅವಳಿಗೆ ಗುರುತು ಸಿಕ್ಕಿತು.

ಮೀನು ಹಿಡಿಯುವ ಕೊಕ್ಕರೆ. ಉದ್ದ ಕಾಲು, ಉದ್ದ ಕತ್ತಿನ ಮುದುಕ. ಕಾಲುವೆಯವರೆಲ್ಲ ಅವನನ್ನು ಹಾಗೆಯೇ ಕರೆಯುತ್ತಿದ್ದರು. ಅವಳ ಬೈಗುಳಕ್ಕೆ ತಿರುಗಿ ಉತ್ತರ ಕೊಡುತ್ತಿದ್ದವನು ಅವನೊಬ್ಬನೇ. “ಬಂತಪ್ಪಾ ನಮ್ಮಕ್ಕನ ಮೆರವಣಿಗೆ!” ಎಂದು ಕೂಗಿ, ತನ್ನ ಪುಟ್ಟ ದೋಣಿಯನ್ನು ದಡಕ್ಕೆ ಸರಿಸಿ ದಾರಿ ಬಿಡುತ್ತಿದ್ದ. ಈಗ ಅವನ ಎದೆಯ ಒಂದು ಪಕ್ಕ ಒಳಕ್ಕೆ ಕುಸಿದಿತ್ತು.

“ಎಂಜಿನ್ ಸದ್ದು ಕೇಳಿಸ್ತು ಅಕ್ಕಾ,” ಎಂದ. ಮಾತಿನ ನಡುನಡುವೆ ಬಾಯಿಂದ ನೀರೂ ರಕ್ತವೂ ಬರುತ್ತಿತ್ತು. “ಮಂಜಲ್ಲಿ ಅದು ಯಾವ ಕಡೆಯಿಂದ ಅಂತ ಗೊತ್ತಾಗಲ್ವಲ್ಲ. ಆ ಕಡೆ ದಡದಿಂದ ಅಂದ್ಕೊಂಡು ಈ ಕಡೆಗೆ ಸರಿದೆ. ನಿನ್ನ ದನಿ ಕೇಳಿಸ್ಲಿಲ್ಲ... ನೀವಲ್ಲ, ಬೇರೆ ಯಾರೋ ಅಂತ...”

“ಮಾತಾಡಬೇಡ. ಸುಮ್ನೆ ಮಲ್ಕೋ.”

“ಯಾಕೆ, ಹುಷಾರಿರ್ಲಿಲ್ವಾ?” ಎಂದು ಕೇಳಿದ. ಅವಳು ಅವನ ಬಾಯಿ ಒರೆಸಲು ಸೆರಗು ಎತ್ತುವಷ್ಟರಲ್ಲಿ ಅವನ ಕಣ್ಣು ನೆಟ್ಟವು.

ಉಳಿದ ದಾರಿಯುದ್ದಕ್ಕೂ ಅವಳು ಮೂತಿಯ ಮೇಲೆ ನಿಂತು ದಾರಿ ಹೇಳಿದಳು. ಬೈಗುಳವಿಲ್ಲದೆ, ಬರೀ ಎಡಕ್ಕೆ, ಬಲಕ್ಕೆ ಎಂದು.

ನೀರಿನ ಗೇಟಿನ ಬಳಿ ಬಂದಾಗ ಮಂಜು ತೆಳ್ಳಗಾಗಿತ್ತು. ಗೇಟು ಕಾಯುವವನು ಇವರಿಗೆ ಹಳೇ ಪರಿಚಯ. ಜಲ್ಲಿಯ ಮೇಲೆ ಕಂಬಳಿ ಹೊದಿಸಿ ಮಲಗಿಸಿದ್ದ ಹೆಣ ನೋಡಿ ಅವನು ತಲೆಗೆ ಕೈ ಹೊತ್ತ. ಪೊಲೀಸರಿಗೆ ಫೋನು ಮಾಡಿ ಬಂದು, ಗಂಡನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದ:

“ಇಂಥ ಮಂಜಲ್ಲಿ ದೇವರೇ ದೋಣಿ ನಡೆಸಿದ್ರೂ ಹೀಗಾಗ್ತಿತ್ತು ಯಜಮಾನ್ರೇ. ದೀಪ ಇಲ್ದೆ ನಡುಗಾಲುವೆಗೆ ಬಂದಿದ್ದ, ಕಾಣಿಸ್ಲಿಲ್ಲ ಅನ್ನಿ. ಸುಳ್ಳೂ ಅಲ್ವಲ್ಲ.”

“ಮಂಜು ನಿಮಗೆ,” ಎಂದ ಗಂಡ. “ನನಗೆ ದಿನಾ ಇಷ್ಟೇ ಕಾಣೋದು.”

ಗೇಟಿನವನು ಗಂಡನ ಮುಖದ ಮುಂದೆ ಕೈ ಆಡಿಸಿ ನೋಡಿ, ಕೈ ಕೆಳಗಿಳಿಸಿದ.

“ಅವರದಲ್ಲ ತಪ್ಪು,” ಎಂದಳು ಅವಳು. “ನಾನು ಸುಮ್ನಿದ್ದೆ.”

“ಸುಮ್ನಿರೋದು ತಪ್ಪೇನಮ್ಮಾ?” ಎಂದು ಗೇಟಿನವನು ದುಃಖದಲ್ಲೇ ಹೇಳಿದ. “ನೀನು ಹೋಗಿ ಒಂದ್ ಕಡೆ ಕೂತ್ಕೋ.”

ಪೊಲೀಸರು ಬಂದರು. ಜೀಪು ಹತ್ತುವಾಗ ಗಂಡ ಮೆಟ್ಟಿಲು ಸಿಗದೆ ಕಾಲು ತಡವಿದ. ಅವಳು ಹೋಗಿ ಅವನ ಪಾದ ಹಿಡಿದು ಮೆಟ್ಟಿಲ ಮೇಲಿಟ್ಟಳು. ಎಲ್ಲರೂ ನೋಡುತ್ತಿದ್ದರು. ಮುಚ್ಚಿಡುವುದಕ್ಕೆ ಇನ್ನು ಏನೂ ಉಳಿದಿರಲಿಲ್ಲ. “ಒಲೆ ಆರ್ಸಿದ್ಯಾ?” ಎಂದು ಅವನು ಕೇಳಿದ. “ಹೂಂ,” ಎಂದಳು. ಜೀಪು ಹೋಯಿತು.

ಕೊಕ್ಕರೆಯ ಮಗಳು ಬಂದದ್ದು ಆಮೇಲೆ. ಮೀನು ಮಾರುವ ಬುಟ್ಟಿಯನ್ನು ಕಂಕುಳಲ್ಲಿ ಹಿಡಿದೇ ಓಡಿ ಬಂದಿದ್ದಳು. ಅಳಲಿಲ್ಲ. ದೋಣಿಗೆ ಇಳಿದು, ಬುಟ್ಟಿಯನ್ನು ಪಕ್ಕದಲ್ಲಿಟ್ಟು, ಅಪ್ಪನ ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡಳು.

“ಜೀವ ಇತ್ತಾ, ಮೇಲೆ ಎತ್ತುವಾಗ?”

“ಇತ್ತು.”

“ಏನಾದ್ರೂ ಅಂದ್ರಾ?”

ದೋಣಿಯವಳಿಗೆ ಎಷ್ಟೋ ಉತ್ತರಗಳು ಹೊಳೆದವು. ನಿನ್ನ ಹೆಸರು ಹಿಡಿದು ಕರೆದ ಎನ್ನಬಹುದಿತ್ತು, ದೇವರನ್ನು ನೆನೆದ ಎನ್ನಬಹುದಿತ್ತು. ಕೇಳುವವರಿಗೂ ಅದೇ ಬೇಕಾಗಿರುತ್ತದೆ.

“ನನ್ನ ದನಿ ಕೇಳಿಸ್ಲಿಲ್ಲ ಅಂದ,” ಎಂದಳು. “ಕೇಳಿಸಿದ್ರೆ ದಡಕ್ಕೆ ಸರೀತಿದ್ದ. ಗಂಡನ ಮೇಲಿನ ಸಿಟ್ಟಿಗೆ ನಾನು ಬಾಯಿ ಬಿಡಲಿಲ್ಲ. ಹುಷಾರಿರ್ಲಿಲ್ವಾ ಅಂತ ನನ್ನೇ ಕೇಳಿದ.”

ಮಗಳು ತಲೆಯೆತ್ತಿ ಅವಳನ್ನು ನೋಡಿದಳು. ಆಮೇಲೆ ಮುಖ ತಿರುಗಿಸಿ, ಅಪ್ಪನ ಕತ್ತಿನ ಹಿಂಭಾಗಕ್ಕೆ ಅಂಟಿಕೊಂಡಿದ್ದ ಜಲ್ಲಿಯ ಚೂರುಗಳನ್ನು ಉಗುರಿನಿಂದ ಬಿಡಿಸತೊಡಗಿದಳು. ಬಿಡಿಸಿದ ಚೂರನ್ನು ನೀರಿಗೆ ಎಸೆಯದೆ, ರಾಶಿಗೂ ಹಾಕದೆ, ತನ್ನ ಸೆರಗಿನಲ್ಲಿ ಇಟ್ಟುಕೊಳ್ಳುತ್ತಿದ್ದಳು.