ಮೀನಾಳ ಹೊಟ್ಟೆನೋವು

ಭಾದ್ರಪದ ಹುಟ್ಟಿ ಹತ್ತು ದಿನವಾಗಿತ್ತು. ದೇಶನೂರಿನ ಗದ್ದೆಗಳಲ್ಲಿ ನಾಟಿ ಬೇರೂರಿ, ಪೈರು ಕಪ್ಪುಹಸಿರಿಗೆ ತಿರುಗಿತ್ತು. ಕಾಲುವೆ ನೀರಿನ ಪಾಳಿ ಅಂದು ಗಾದೆಪ್ಪನದು. ಬೆಳಗಿನಿಂದ ಅವನು ಬದುವಿನಲ್ಲಿ ಏಡಿ ತೋಡಿದ ತೂತುಗಳನ್ನು ಕೆಸರು ಮೆತ್ತಿ ಮುಚ್ಚುತ್ತಿದ್ದ. ಆರು ಮಂದಿ ಹೆಣ್ಣಾಳುಗಳು ಬಗ್ಗಿ ಕಳೆ ತೆಗೆಯುತ್ತಿದ್ದರು. ಅವನ ಹೆಂಡತಿ ಅಂಬಮ್ಮ ಸಾಲಿನ ತುದಿಗಿದ್ದಳು.

“ಏನವ್ವಾ ಅಂಬಮ್ಮ, ನಿನ್ನ ಮಗಳು ಬಸ್ಸಿನ್ಯಾಗ ಸಿಕ್ರ ಮುಖ ತಿರುವ್ತಾಳಲ್ಲ. ಪಿಯುಸಿ ಕಲ್ತ್ರ ಊರ ಮಂದಿ ಕಾಣೂದಿಲ್ಲೇನು?” ಎಂದು ಆಳಿನವಳೊಬ್ಬಳು ಕೆಣಕಿದಳು.

“ಆಕಿ ಹಡೆದಾಕಿಗೂ ಮುಖ ತಿರುವ್ತಾಳ. ನಿನಗೊಬ್ಬಾಕಿಗೇ ಅಂತ ಮೆರೀಬ್ಯಾಡ,” ಎಂದಳು ಅಂಬಮ್ಮ. ಎಲ್ಲರೂ ನಕ್ಕರು. ಗಾದೆಪ್ಪನೂ ನಕ್ಕ.

ಆದರೆ ಎರಡು ತಿಂಗಳಿಂದ ಮಗಳು ಸೌಂದರ್ಯಳ ತಟ್ಟೆಯಲ್ಲಿ ಅರ್ಧ ರೊಟ್ಟಿ ಹಾಗೇ ಉಳಿಯುತ್ತಿತ್ತು. ಕೋಳಿ ಕೂಗುವ ಮೊದಲೇ ಎದ್ದು ಸುಮ್ಮನೆ ಕೂತಿರುತ್ತಿದ್ದಳು. ಭಾನುವಾರವಾದರೆ ಗೋಡೆಗೆ ಮುಖಮಾಡಿ ಮಲಗಿದವಳು ಸಂಜೆಗೂ ಏಳುತ್ತಿರಲಿಲ್ಲ. ತಲೆ ಬಾಚಿಕೊಳ್ಳುವುದೂ ಅವಳಿಗೆ ಹೊರೆಯಾಗಿತ್ತು. ವಯಸ್ಸಿಗೆ ಬಂದ ಹುಡುಗಿ, ಓದಿನ ಭಾರ ಎಂದು ಮನೆಯವರು ತಮಗೆ ತಾವೇ ಸಮಾಧಾನ ಹೇಳಿಕೊಂಡಿದ್ದರು.

ಹನ್ನೊಂದರ ಸುಮಾರಿಗೆ ಫೋನು ಬಂತು. ಸಿರುಗುಪ್ಪದ ಕಾಲೇಜಿನ ಉಪನ್ಯಾಸಕಿ ಸುಧಾರಾಣಿ.

“ಸೌಂದರ್ಯ ಆರಾಮ ಅದಾಳೇನ್ರಿ? ಹನ್ನೊಂದು ದಿನ ಆತು, ಕಾಲೇಜಿಗೆ ಬಂದಿಲ್ಲ.”

ಗಾದೆಪ್ಪ ಕೆಸರಿನಲ್ಲಿ ನಿಂತಲ್ಲೇ ನಿಂತ. ಅಂದು ಬೆಳಿಗ್ಗೆ ಬುತ್ತಿಯ ಚೀಲ ಕೊಟ್ಟು ಅವಳನ್ನು ಬಸ್ಸಿಗೆ ಹತ್ತಿಸಿದವನು ಅವನೇ. ನೀರಿನ ಉಸಾಬರಿಯನ್ನು ಹೆಂಡತಿಗೆ ಒಪ್ಪಿಸಿ, ಕಾಲು ತೊಳೆಯದೆ ಬೈಕು ಹತ್ತಿದ.

ಸುಧಾರಾಣಿ ಅವನನ್ನು ಕಾಲೇಜಿನ ಬೇವಿನ ಮರದಡಿಗೆ ಕರೆದೊಯ್ದಳು. “ನೋಟ್ಸ್ ಎಲ್ಲಾ ಗೆಳತ್ಯಾರಿಗೆ ಹಂಚಿಬಿಟ್ಟಾಳ. ಕೈಗಡಿಯಾರ ಸೈತ ಒಬ್ಬಾಕಿಗೆ ಕೊಟ್ಟಾಳ. ನನಗಿನ್ನ ಇವು ಬೇಕಾಗೂದಿಲ್ಲ ಅಂದಳಂತ. ಆ ಹುಡುಗಿ ಹೆದರಿಕೊಂಡು ಇವತ್ತು ಬಂದು ಹೇಳಿದ್ಲು.”

“ಹುಡುಗಾಟ ಇರಬೇಕ್ರಿ, ಮೇಡಂ.”

“ಹುಡುಗಾಟ ಅಲ್ರಿ. ಸಾಯಬೇಕು ಅನಸ್ತೈತೇನು ಅಂತ ನೀವು ನೇರ ಕೇಳ್ರಿ.”

“ಹಂಗ ಕೇಳಿದ್ರ ಇಲ್ಲದ್ದು ತಲ್ಯಾಗ ಹೊಕ್ಕೀತು.”

“ಕೇಳಿದ್ರ ಹೊಗೂದಿಲ್ಲ. ಒಳಗಿದ್ರ ಹೊರಗ ಬರತೈತಿ. ಇದು ಸೊಕ್ಕೂ ಅಲ್ಲ, ಗಾಳಿನೂ ಅಲ್ಲ, ಮನಸಿನ ಜಡ್ಡು. ಔಷಧ ಐತಿ, ಮಾತಾಡಿ ವಾಸಿ ಮಾಡೋರೂ ಅದಾರ. ನಾಳೆನೇ ಬಳ್ಳಾರಿ ದೊಡ್ಡಾಸ್ಪತ್ರಿಗೆ ಕರಕೊಂಡು ಹೋಗ್ರಿ. ಅಲ್ಲಿತನಕ ಆಕಿನ್ನ ಒಬ್ಬಾಕಿನ್ನ ಬಿಡಬ್ಯಾಡ್ರಿ. ಮನ್ಯಾಗ ಅಪಾಯದ ಸಾಮಾನು ಏನಿದ್ರೂ ಬೀಗದಾಗ ಇಟ್ಟು, ಕೀಲಿ ನೀವು ಇಟಗೊಳ್ರಿ.” ಆಕೆ ಒಂದು ಚೀಟಿಯಲ್ಲಿ 14416 ಎಂದು ಬರೆದುಕೊಟ್ಟಳು. “ಸರ್ಕಾರದ ಸಹಾಯವಾಣಿ ಇದು, ಹಗಲು ರಾತ್ರಿ ಅನ್ನದ ಈ ನಂಬರಿಗೆ ಮಾಡ್ರಿ. ರೊಕ್ಕ ಹತ್ತೂದಿಲ್ಲ. ಕನ್ನಡದಾಗ ಮಾತಾಡ್ತಾರ. ನೀವೂ ಮಾಡಬಹುದು, ಆಕಿನೂ ಮಾಡಬಹುದು.”

ಮಗಳು ಎಲ್ಲಿರಬಹುದೆಂದು ಹುಡುಕುತ್ತ ಗಾದೆಪ್ಪ ಬಸ್‌ಸ್ಟ್ಯಾಂಡಿಗೆ ಬಂದ. ಕರೂರಿನ ಬಸ್ಸು ನಿಲ್ಲುವ ಕಡೆ, ಕೊನೆಯ ಕಲ್ಲುಬೆಂಚಿನ ಮೇಲೆ ಅವಳಿದ್ದಳು. ಚೀಲ ತೊಡೆಯ ಮೇಲಿತ್ತು. ಪಕ್ಕದಲ್ಲಿ ಜನ ಕೂರುತ್ತಿದ್ದರು, ಮಿರ್ಚಿ ತಿಂದು ಕಾಗದಕ್ಕೆ ಕೈ ಒರೆಸಿಕೊಂಡು ಏಳುತ್ತಿದ್ದರು, ಮತ್ತೊಬ್ಬರು ಬಂದು ಕೂರುತ್ತಿದ್ದರು. ಅವಳು ಯಾರನ್ನೂ ನೋಡುತ್ತಿರಲಿಲ್ಲ. ಊರಿಗೆ ಊರೇ ಹಾಯುವ ಜಾಗದಲ್ಲಿ ಹನ್ನೊಂದು ದಿನ ಒಂದು ಹುಡುಗಿ ಬೆಳಗಿನಿಂದ ಸಂಜೆಯವರೆಗೆ ಕೂತಿದ್ದಳು. ಯಾವ ಊರವ್ವಾ ನಿಂದು ಎಂದು ಕೇಳಿದವರು ಒಬ್ಬರೂ ಇರಲಿಲ್ಲ.

ಗಾದೆಪ್ಪ ಪಕ್ಕದಲ್ಲಿ ಕೂತ. ಅವಳು ಬೆಚ್ಚಲಿಲ್ಲ.

“ಬೈಯಪ್ಪ,” ಎಂದಳು.

“ಬೈಯಾಕ ಬಂದಿಲ್ಲವ್ವ.” ಅವನು ಕಾಲಿನ ಒಣ ಕೆಸರನ್ನು ಕೆರೆದು ಉದುರಿಸಿದ. ಬಳಿಕ ಸುಧಾರಾಣಿ ಹೇಳಿಕೊಟ್ಟ ಪ್ರಶ್ನೆಯನ್ನು ಒಂದಕ್ಷರವೂ ಬಿಡದೆ ಕೇಳಿದ. “ನಿನಗ ಸಾಯಬೇಕು ಅನಸ್ತೈತೇನು?”

“ದಿನಾ,” ಎಂದಳು ಸೌಂದರ್ಯ, ಬಸ್ಸಿನ ಹೊತ್ತು ಹೇಳಿದ ಹಾಗೆ. “ಯಾರಿಗಂತ ಹೇಳ್ಲಿ? ಅಜ್ಜಿ ಗಾಳಿ ಅಂತಾಳ. ಅವ್ವ ಅಳ್ತಾಳ. ನೀ ನಗ್ತಿ.”

ಇಪ್ಪತ್ತೆರಡು ವರ್ಷದ ಹಿಂದೆ ಅವನ ತಂಗಿ ಮೀನಾಳಿಗೂ ಸೌಂದರ್ಯಳ ಹಾಗೆ ಹದಿನೇಳೇ ವರ್ಷ. ಒಂದು ಸಂಜೆ ಕಟ್ಟೆಯ ಮೇಲೆ ಕೂತು, “ಅಣ್ಣಾ, ನನಗ ಯಾವುದೂ ಬ್ಯಾಡಾಗೈತಿ” ಎಂದಿದ್ದಳು. ಗಾದೆಪ್ಪ ನಕ್ಕು, “ನಿನಗ ಗಂಡ ಬೇಕಾಗ್ಯಾನ ತಗೋ” ಎಂದಿದ್ದ. ಎಂಟು ದಿನದಲ್ಲಿ ಅವಳು ಪ್ರಾಣ ಕಳೆದುಕೊಂಡಳು. ಕೇಳಿದವರಿಗೆಲ್ಲ ತಾಯಿ ಉಚ್ಚೆಂಗೆಮ್ಮ ಒಂದೇ ಮಾತು ಹೇಳಿದಳು: ಹೊಟ್ಟೆನೋವು ತಾಳಲಾರದೆ ಹೋದಳು. ಅಂದಿನಿಂದ ಆ ಮನೆಯಲ್ಲಿ ಮೀನಾಳ ಫೋಟೋ ಇಲ್ಲ, ಹಿರಿಯರಿಗೆ ಎಡೆ ಇಡುವ ದಿನವೂ ಅವಳ ಹೆಸರಿಲ್ಲ. ನಮ್ಮ ಸೀಮೆಯಲ್ಲಿ ಇದು ಆ ಒಂದು ಮನೆಯ ಪದ್ಧತಿಯಲ್ಲ. ಎಷ್ಟು ಮನೆಗಳು ಮಕ್ಕಳ ಸಾವಿಗೆ ಹೊಟ್ಟೆನೋವೆಂದು ಹೆಸರಿಟ್ಟು ಮಾನ ಉಳಿಯಿತೆಂದುಕೊಂಡಿವೆಯೋ. ಮಾನ ಉಳಿಯಿತೋ ಇಲ್ಲವೋ. ಮುಂದಿನ ಮಗುವಿಗೆ ಅದೇ ನೋವು ಬಂದಾಗ ಅದನ್ನು ಗುರುತು ಹಿಡಿಯುವ ಕಣ್ಣು ಮಾತ್ರ ಉಳಿಯಲಿಲ್ಲ.

“ಇವತ್ತು ನಗೂದಿಲ್ಲವ್ವ,” ಎಂದ ಗಾದೆಪ್ಪ. “ನಡಿ ಮನಿಗೆ. ನಾಳೆ ಇಬ್ರೂ ಬಳ್ಳಾರಿಗೆ ಹೋಗೂನು.”

ಮನೆಯಲ್ಲಿ ಉಚ್ಚೆಂಗೆಮ್ಮ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ವಿಷಯ ಕೇಳಿ ಮೊರ ಕೆಳಗಿಟ್ಟಳು.

“ಹುಚ್ಚರ ಡಾಕ್ಟರ ಹತ್ರ? ಬುದ್ಧಿ ಎಲ್ಲಿ ಇಟ್ಟೀಯೋ? ಕರೂರಿನವರು ಹೆಣ್ಣು ನೋಡಾಕ ಬರ್ತೀವಿ ಅಂದಾರ. ಹುಡುಗಿ ತಲಿ ನೆಟ್ಟಗಿಲ್ಲ ಅಂತ ಗೊತ್ತಾದ್ರ ಈ ಹೊಸ್ತಿಲ ಯಾರು ತುಳೀತಾರ?”

“ಹದಿನೇಳು ವರ್ಷದ ಕೂಸಿನ್ನ ನೋಡಾಕ ಯಾರೂ ಬರೂದು ಬ್ಯಾಡ.”

“ಕೊಳ್ಳಾಗ ತಾಳಿ ಬಿತ್ತಂದ್ರ ಎಲ್ಲಾ ಸರಿ ಹೊಕ್ಕೈತಿ. ನಾವೆಲ್ಲಾ ಯಾವ ಡಾಕ್ಟರನ್ನ ಕೇಳಿ ಬದುಕಿದ್ವಿ?”

“ಮೀನಾಗೂ ಹಿಂಗ ಅಂದಿದ್ವಿ, ಯವ್ವಾ.”

ಮುದುಕಿ ಮಗನನ್ನು ದಿಟ್ಟಿಸಿದಳು. “ಆಕಿ ಹೊಟ್ಟಿನೋವಿಲೆ ಹೋದಾಕಿ,” ಎಂದು ಮೊರ ಎತ್ತಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ತಾನೇ, “ನಾಳೆ ನಾನೂ ಬರ್ತೀನಿ. ಅಲ್ಲಿ ನೀ ಏನಾರ ಒದರಿಬಿಟ್ಟೀ,” ಎಂದಳು.

ಅಂದು ಅಂಬಮ್ಮ ಮಗಳ ಮಗ್ಗುಲಲ್ಲೇ ಹಾಸಿಕೊಂಡಳು. ಅಳಲಿಲ್ಲ. ಗಾದೆಪ್ಪ ಹೊಲದ ಔಷಧವನ್ನೆಲ್ಲ ಸೊಸೈಟಿಯ ಗೋದಾಮಿಗೆ ಸಾಗಿಸಿ ಬೀಗ ಹಾಕಿಸಿ ಬಂದಿದ್ದ.

ಬಳ್ಳಾರಿ ಆಸ್ಪತ್ರೆಯಲ್ಲಿ ವೈದ್ಯೆ ಮೊದಲು ಸೌಂದರ್ಯಳೊಬ್ಬಳನ್ನೇ ಕೂರಿಸಿಕೊಂಡು ಮಾತಾಡಿಸಿದಳು. ಮುಕ್ಕಾಲು ಗಂಟೆಯ ನಂತರ ಅಪ್ಪ, ಅಜ್ಜಿಯನ್ನು ಒಳಗೆ ಕರೆದಳು.

“ನಿಮ್ಮ ಮನಿತನದಾಗ ಹಿಂದ ಯಾರಾದ್ರೂ ತಾವಾಗೇ ಜೀವ ಕಳಕೊಂಡಾರೇನು?”

ಉಚ್ಚೆಂಗೆಮ್ಮನ ಉತ್ತರ ಸಿದ್ಧವಾಗಿತ್ತು. “ಯಾರೂ ಇಲ್ರಿ ತಾಯಿ. ನನ್ನ ಮಗಳೊಬ್ಬಾಕಿ ತೀರಿಕೊಂಡಾಳ. ಆಕಿಗೆ ಹೊಟ್ಟಿನೋವಿತ್ತು.”

ವೈದ್ಯೆ ಬರೆದುಕೊಳ್ಳತೊಡಗಿದಳು. ಪೆನ್ನಿನ ತುದಿಯನ್ನೇ ಗಾದೆಪ್ಪ ನೋಡುತ್ತಿದ್ದ. ಹದಿನೇಳು ವರ್ಷ ಬದುಕಿದ ಜೀವ ಈ ಕಾಗದದ ಮೇಲೂ ಸುಳ್ಳಾಗುವುದರಲ್ಲಿತ್ತು.

“ಅದನ್ನ ಬರೀಬ್ಯಾಡ್ರಿ,” ಎಂದ. “ಹೊಟ್ಟಿನೋವಲ್ರಿ. ಆಕಿ ಜೀವ ಆಕಿನೇ ಕಳಕೊಂಡ್ಲು. ಎಂಟು ದಿನ ಮೊದ್ಲು ನನಗ ಹೇಳಿದ್ಲು. ನಾ ನಕ್ಕುಬಿಟ್ಟೆ.”

ಉಚ್ಚೆಂಗೆಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ವೈದ್ಯೆ ಬರೆದದ್ದನ್ನು ಹೊಡೆದುಹಾಕಿದಳು. “ಇದು ಹಣೆಬರಹ ಅಲ್ಲಜ್ಜಿ. ಗೊತ್ತಿದ್ರ ನಾವು ಮೊದ್ಲೇ ಹುಷಾರಿರ್ತೀವಿ. ಮೊಮ್ಮಗಳಿಗೆ ವಾಸಿ ಆಗತೈತಿ. ಸ್ವಲ್ಪ ದಿನ ಹಿಡೀತೈತಿ, ಅಷ್ಟ.”

ಸೌಂದರ್ಯ ತಲೆಯೆತ್ತಿದಳು. ಎರಡು ತಿಂಗಳಲ್ಲಿ ಮೊದಲ ಸಲ ಅಪ್ಪನ ಮುಖವನ್ನು ನೇರ ನೋಡಿ, “ಹಂಗಾದ್ರ ಇದು ನನಗೊಬ್ಬಾಕಿಗೇ ಬಂದದ್ದಲ್ಲೇನು?” ಎಂದಳು.

“ಅಲ್ಲವ್ವ.”

ಔಷಧಿಯ ಸಾಲು ಉದ್ದವಿತ್ತು. ಮೂವರೂ ಪಡಸಾಲೆಯಲ್ಲಿ ಕೂತರು. ಉಚ್ಚೆಂಗೆಮ್ಮ ಒಂದು ಮಾರು ದೂರದಲ್ಲಿ, ಗೋಡೆಗೆ ಮುಖಮಾಡಿ. ಹತ್ತು ದಿನ ಬಿಟ್ಟು ಮತ್ತೆ ಬರಬೇಕಿತ್ತು. ಮಗಳ ಕೈಯಲ್ಲಿ ಚೀಟಿ ಇತ್ತು, ಕಣ್ಣಲ್ಲಿ ಅದೇ ದಣಿವು. ಮೀನಾಳಿಗೆ ಕೊಡಬೇಕಾಗಿದ್ದ ಉತ್ತರ ಗಾದೆಪ್ಪನ ತಲೆಯ ಮೇಲೆ ಹಾಗೇ ಇತ್ತು. ಇನ್ನೊಬ್ಬರಿಗೆ ಕೊಟ್ಟು ತೀರಿಸುವ ಸಾಲ ಅದಲ್ಲವೆಂದು ಅವನಿಗೆ ಗೊತ್ತಿತ್ತು.

“ಮೀನತ್ತಿ ಹೆಂಗಿದ್ಲಪ್ಪ?” ಎಂದಳು ಸೌಂದರ್ಯ.

ಅವನು ಬಾಯಿ ತೆರೆಯುವ ಮೊದಲೇ ಗೋಡೆಯ ಕಡೆಯಿಂದ ಮಾತು ಬಂತು.

“ಗಂಡಮಕ್ಕಳಂಗ ಸೀಟಿ ಹೊಡೀತಿದ್ಲು. ಎಷ್ಟು ಬೈದ್ರೂ ಬಿಡಲಿಲ್ಲ, ನನ್ನ ಮೀನಾ.”

ಉಚ್ಚೆಂಗೆಮ್ಮ ಗೋಡೆಯಿಂದ ಇತ್ತ ತಿರುಗಿದಳು. ಸೌಂದರ್ಯ ಎದ್ದು ಹೋಗಿ ಅಜ್ಜಿಯ ಮಗ್ಗುಲಲ್ಲಿ ಕೂತು, ಮುಂದಿನ ಮಾತಿಗಾಗಿ ಕಾದಳು.