ಮಲಗಿಸಿ ಕೀಳುವುದೋ, ಎಚ್ಚರದಲ್ಲೋ

ಸಿಡುಕನ ಬಾಯಿಯ ಬಗ್ಗೆ ಮಾತಾಡುವ ಹಕ್ಕು ಆ ಮನೆಯಲ್ಲಿ ಎಲ್ಲರಿಗೂ ಇತ್ತು, ಸಿಡುಕನೊಬ್ಬನನ್ನು ಬಿಟ್ಟು.

ಕೆಳದವಡೆಯ ಎರಡೂ ತುದಿಯಲ್ಲಿ ಅವನ ಬುದ್ಧಿಹಲ್ಲುಗಳು ಅಡ್ಡಡ್ಡ ಮಲಗಿದ್ದವು. ಎಕ್ಸ್‌ರೇಯಲ್ಲಿ ನೋಡಿದರೆ, ತುಂಬಿದ ಬಸ್ಸಿನಲ್ಲಿ ಕಾಲು ಚಾಚಿ ಮಲಗಿ ಮುಂದಿನ ಸೀಟಿನವನ ಬೆನ್ನಿಗೆ ಒದೆಯುವ ಪ್ರಯಾಣಿಕರ ಹಾಗೆ. ಎರಡು ತಿಂಗಳಿಂದ ವಾರ ಬಿಟ್ಟು ವಾರ ಕೆನ್ನೆ ಊದುತ್ತಿತ್ತು. ಆಸ್ಪತ್ರೆಯ ಹಲ್ಲಿನ ಡಾಕ್ಟರಮ್ಮ ಎರಡು ದಾರಿ ಹೇಳಿದ್ದರು. ಲೋಕಲ್ ಆದರೆ ಕುರ್ಚಿಯಲ್ಲೇ ಕೂರಿಸಿ, ದವಡೆಗೆ ಸೂಜಿ ಚುಚ್ಚಿ ಮರಗಟ್ಟಿಸಿ ಕೀಳುವುದು. ನೋವಾಗದು, ಆದರೆ ಸದ್ದೂ ಕೇಳುತ್ತದೆ, ಎಳೆದಾಟವೂ ಗೊತ್ತಾಗುತ್ತದೆ. ಜನರಲ್ ಆದರೆ ಪೂರ್ತಿ ಮಲಗಿಸಿಬಿಡುತ್ತಾರೆ. ಏಳುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ.

"ನಿಮಗೆ ಎರಡೂ ಆಗುತ್ತೆ. ಯೋಚನೆ ಮಾಡಿ ಹೇಳಿ" ಎಂದಿದ್ದರು ಡಾಕ್ಟರಮ್ಮ. ಕೇಳಿದ್ದು ಸಿಡುಕನನ್ನು. ಉತ್ತರ ಕೊಟ್ಟಿದ್ದು ಅಣ್ಣ.

"ಯೋಚನೆ ಏನು ಮೇಡಂ, ಜನರಲ್ಲೇ ಹಾಕ್ಬಿಡಿ. ಇವನು ಸೂಜಿ ನೋಡಿದ್ರೆ ಬೀಳ್ತಾನೆ."

ಅಣ್ಣನದು ಡ್ರೈವಿಂಗ್ ಸ್ಕೂಲಿನ ಕೆಲಸ. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂರುತ್ತಾನೆ, ಅವನ ಕಾಲ ಬುಡದಲ್ಲೂ ಒಂದು ಬ್ರೇಕ್ ಇರುತ್ತದೆ. ಹನ್ನೆರಡು ವರ್ಷ ಹಾಗೆ ಕೂತು ಕೂತು, ಲೋಕದಲ್ಲಿ ಯಾರು ಏನು ಓಡಿಸುತ್ತಿದ್ದರೂ ಬ್ರೇಕ್ ತನ್ನ ಕಾಲ ಕೆಳಗಿದೆ ಎಂದು ಅವನು ನಂಬಿಬಿಟ್ಟಿದ್ದ. ಸಿಡುಕ ಎಂಟನೇ ಕ್ಲಾಸಿನಲ್ಲಿದ್ದಾಗ ಹೆಡ್ಮಾಸ್ತರ ಎದುರು ನಿಂತು "ಇವನಿಗೆ ಓದು ಹತ್ತಲ್ಲ ಸಾರ್, ಕೆಲಸಕ್ಕೆ ಹಾಕ್ತೀವಿ" ಎಂದಿದ್ದೂ ಇವನೇ. ಸಿಡುಕ ಪಕ್ಕದಲ್ಲೇ ನಿಂತಿದ್ದ. ಅವನಿಗೆ ಓದು ಹತ್ತುತ್ತದೋ ಇಲ್ಲವೋ ಎಂದು ಯಾವ ಮಹಾನುಭಾವನೂ ಅವನನ್ನು ಕೇಳಲಿಲ್ಲ. ಈಗ ಇಪ್ಪತ್ನಾಲ್ಕು ವರ್ಷ. ಈಗಲೂ ಕೇಳುವವರಿಲ್ಲ.

ಮನೆಯಲ್ಲಿ ಊಟಕ್ಕೆ ಕೂತರೆ ಇದೇ ಮಾತು. "ಮಲಗಿಸೋದೇ ಒಳ್ಳೇದು, ಪಾಪ" ಎಂದು ಅತ್ತಿಗೆ. "ಮಲಗಿಸಿದ್ರೆ ಏಳದೇ ಹೋದ್ರೆ?" ಎಂದು ಅಮ್ಮ, ಮಾತು ಮುಗಿಸುವ ಮೊದಲೇ "ಬಿಡ್ತು ಅನ್ನು" ಎಂದು ತನಗೆ ತಾನೇ ಬೈದುಕೊಳ್ಳುವುದು. ಅವನು ಕೆಲಸ ಮಾಡುವ, ತಗಡು ಒತ್ತುವ ಪ್ರೆಸ್ ಶೆಡ್ಡಿಗೆ ಹೋದರೆ ಅಲ್ಲಿಯೂ ಬಿಡುಗಡೆ ಇಲ್ಲ. ಪಾಲಿಶ್ ಮಾಡುವವನ ಷಡ್ಡಕ ಆಪರೇಷನ್ನಿನ ಮತ್ತಿನಲ್ಲಿ ನರ್ಸಮ್ಮನ ಕೈ ಹಿಡಿದು, ಹೆಂಡತಿಗೆ ಗೊತ್ತಿಲ್ಲದ ತನ್ನ ಗುಟ್ಟುಗಳನ್ನೆಲ್ಲ ಹೆಂಡತಿಯ ಎದುರಿಗೇ ಒದರಿದ್ದನಂತೆ. "ನಿನಗೇನು ಭಯ ಬಿಡು, ಮುಚ್ಚಿಡೋಕೆ ನಿನ್ನ ಹತ್ರ ಏನಿದೆ?" ಎಂದು ಎಲ್ಲರೂ ನಕ್ಕರು. ಸಿಡುಕ ಸ್ಪ್ಯಾನರ್ ಎಸೆದ. ಆ ಹೆಸರು ಅವನಿಗೆ ಸುಮ್ಮನೆ ಬಂದಿರಲಿಲ್ಲ.

ಅವನಿಗೆ ಜನರಲ್ ಬೇಡವಾಗಿತ್ತು. ಯಾಕೆ ಎಂದು ಮನೆಯವರಿಗೆ ಬಿಡಿಸಿ ಹೇಳಲು ಬರುತ್ತಿರಲಿಲ್ಲ, ಅಷ್ಟೆ. ಶೆಡ್ಡಿನಲ್ಲಿ ಒಂದು ಕಟ್ಟುನಿಟ್ಟಿತ್ತು. ಪ್ರೆಸ್ಸಿನ ಅಚ್ಚಿನೊಳಗೆ ತಗಡು ಸಿಕ್ಕಿಕೊಂಡರೆ, ಕೈ ಹಾಕುವ ಮೊದಲು ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳಬೇಕು. ಯಾರ ಕೈ ಒಳಗೆ ಹೋಗುತ್ತದೋ ಅವನ ಜೇಬಿಗೇ. ಪಕ್ಕದವನಿಗೆ ಕೊಡುವ ಹಾಗಿಲ್ಲ, ಸ್ವಂತ ಅಣ್ಣನಾದರೂ. ಮೇಸ್ತ್ರಿ ಒಮ್ಮೆ ಯಾರನ್ನೋ ನಂಬಿ ಕೊಟ್ಟಿದ್ದ. ಈಗ ಅವನ ಬಲಗೈಯಲ್ಲಿ ಎರಡೂವರೆ ಬೆರಳು. ಬಾಯಿ ತೆರೆದು, ಪ್ರಜ್ಞೆ ತಪ್ಪಿ, ಯಾರು ಯಾರೋ ಒಳಗೆ ಕೈ ಹಾಕುವಾಗ ತನ್ನ ಫ್ಯೂಸ್ ಯಾರದೋ ಜೇಬಿನಲ್ಲಿರುವುದನ್ನು ನೆನೆದರೆ ಸಿಡುಕನಿಗೆ ಅಂಗಾಲು ತಣ್ಣಗಾಗುತ್ತಿತ್ತು.

ಸೂಜಿ ನೆನೆದರೂ ಆಗುತ್ತಿತ್ತು. ಅದು ಸುಳ್ಳಲ್ಲ.

ಅಣ್ಣ ದಿನ ಗೊತ್ತು ಮಾಡಿಯೇಬಿಟ್ಟ. ಹಿಂದಿನ ಸಂಜೆ ಫ್ರಿಜ್ಜಿನ ಬಾಗಿಲಿಗೆ ಚೀಟಿ ಅಂಟಿಸಿದ: 'ರಾತ್ರಿ ಹನ್ನೆರಡರ ನಂತರ ಇವನಿಗೆ ಏನೂ ಕೊಡಬಾರದು.' ಕೆಳಗೆ ಎರಡು ಗೆರೆ ಬೇರೆ. ಮೃಗಾಲಯದ ಪಂಜರಕ್ಕೆ ತಗುಲಿಹಾಕುವ ಬೋರ್ಡಿನ ಹಾಗೆ.

ಬೆಳಗ್ಗೆ ಆರಕ್ಕೆ ಸಿಡುಕ ಮುಖ ತೊಳೆಯುತ್ತಿದ್ದರೆ ಅಮ್ಮ ಸೆರಗಿನಡಿ ಲೋಟ ಮುಚ್ಚಿಕೊಂಡು ಬಂದಳು.

"ಕುಡಿ, ಬೇಗ. ಅಣ್ಣ ಎದ್ದುಬಿಡ್ತಾನೆ."

"ಏನೂ ಕುಡೀಬಾರ್ದಂತಮ್ಮ."

"ಊಟ ಬೇಡ ಅಂದ್ರು, ನೀರು ಬೇಡ ಅಂದ್ರು. ಹಾಲಿನ ಮಾತು ಯಾರಾದ್ರೂ ಆಡಿದ್ರಾ? ಖಾಲಿ ಹೊಟ್ಟೇಲಿ ಕೊಯ್ಸಿಕೊಳ್ಳೋಕೆ ಕಳಿಸಲಾ ನಿನ್ನ? ಕುಡಿ ಅಂದೆ."

ವಾದ ಮಾಡುವುದಕ್ಕಿಂತ ಕುಡಿಯುವುದು ಬೇಗ ಮುಗಿಯುತ್ತದೆ ಎಂದು ಕುಡಿದ.

ಆಸ್ಪತ್ರೆಯ ಎರಡನೇ ಮಹಡಿಯಲ್ಲಿ ಹಿಂಬದಿ ದಾರ ಕಟ್ಟುವ ಹಸಿರು ನಿಲುವಂಗಿ ತೊಡಿಸಿ ಅವನನ್ನು ಮಂಚದ ಮೇಲೆ ಕೂರಿಸಿದರು. ಒಂದು ಕಡೆ ಅಮ್ಮ, ಇನ್ನೊಂದು ಕಡೆ ಅಣ್ಣ. ಅರಿವಳಿಕೆ ಕೊಡುವ ಡಾಕ್ಟರು ಬಂದರು, ಕಡ್ಡಿಯಂಥ ಮನುಷ್ಯ, ಕೈಯಲ್ಲಿ ಫೈಲು. ಫೈಲಿನಿಂದ ತಲೆ ಎತ್ತದೆ ಕೇಳಿದರು.

"ಪೇಷೆಂಟು ಏನಾದ್ರೂ ತಿಂದಿದ್ದಾರಾ?"

"ಇಲ್ಲ ಸಾರ್" ಎಂದ ಅಣ್ಣ. "ನಿನ್ನೆ ಎಂಟಕ್ಕೆ ಊಟ. ಆಮೇಲೆ ಒಂದು ತೊಟ್ಟು ನೀರೂ ಇಲ್ಲ. ನಾನೇ ಚೀಟಿ ಅಂಟಿಸಿದ್ದೆ."

ಅಮ್ಮನ ಕೈ ಸಿಡುಕನ ಮೊಣಕೈಯನ್ನು ಹಿಡಿಯಿತು.

"ಸಿಗರೇಟು?"

"ಛೆ ಛೆ, ನಮ್ಮ ಮನೇಲಿ ಆ ಅಭ್ಯಾಸವೇ ಇಲ್ಲ."

"ಹಿಂದೆ ಯಾವತ್ತಾದ್ರೂ ಆಪರೇಷನ್..."

"ನಾಲ್ಕು" ಎಂದ ಸಿಡುಕ.

ಡಾಕ್ಟರು ತಲೆ ಎತ್ತಿದರು. "ನಾಲ್ಕು ಆಪರೇಷನ್ನಾ?"

"ನಾಲ್ಕು ಸಿಗರೇಟು. ದಿನಕ್ಕೆ. ಮತ್ತೆ ಬೆಳಗ್ಗೆ ಆರಕ್ಕೆ ಒಂದು ಲೋಟ ಹಾಲು."

ಅಣ್ಣನ ಬಲಗಾಲು ನೆಲವನ್ನು ಗಟ್ಟಿಯಾಗಿ ಒತ್ತಿತು. ಆದರೆ ಆಸ್ಪತ್ರೆಯ ನೆಲದಲ್ಲಿ ಯಾವ ಪೆಡಲ್ಲೂ ಇರಲಿಲ್ಲ.

"ಯಾರ್ರೀ ಹಾಲು ಕೊಟ್ಟಿದ್ದು?" ಡಾಕ್ಟರು ಫೈಲು ಮುಚ್ಚಿದರು.

"ನಾನೇ ತಗೊಂಡೆ" ಎಂದ ಸಿಡುಕ.

"ಹಾಲು ಅಂದ್ರೆ ಊಟ ಮಾಡಿದ ಹಾಗೇ. ಮಲಗಿಸಿದಾಗ ಹೊಟ್ಟೇಲಿರೋದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದ್ರೆ ಪ್ರಾಣಕ್ಕೇ ಕುತ್ತು. ಇವತ್ತು ಆಗಲ್ಲ."

ಅಮ್ಮ ಮೊಣಕೈ ಬಿಟ್ಟು ಮುಂದೆ ಬಂದಳು. "ಅವನಲ್ಲಪ್ಪ, ನಾನೇ ಕೊಟ್ಟಿದ್ದು" ಎಂದಳು. ಅಣ್ಣ ಒಮ್ಮೆ ಅಮ್ಮನನ್ನು ನೋಡಿದ, ಒಮ್ಮೆ ತಮ್ಮನನ್ನು. ಯಾರ ಮೇಲೆ ಮೊದಲು ಹರಿಹಾಯಬೇಕೆಂದು ತಿಳಿಯದೆ ಡಾಕ್ಟರ ಕಡೆ ತಿರುಗಿದ. "ಬರೋ ಗುರುವಾರಕ್ಕೆ ಹಾಕಿ ಸಾರ್. ಹಿಂದಿನ ರಾತ್ರಿ ಅಡುಗೆಮನೆಗೆ ಬೀಗ ಹಾಕ್ತೀನಿ. ಇವನ ಪಕ್ಕದಲ್ಲೇ ಮಲಗ್ತೀನಿ."

ಈಗ ಸುಮ್ಮನಿದ್ದರೆ ಒಂದು ವಾರ ಸಿಗುತ್ತಿತ್ತು. ಗುರುವಾರ ಮತ್ತೆ ಇದೇ ಹಸಿರು ಅಂಗಿ, ಇದೇ ಪ್ರಶ್ನೆಗಳು, ಅಣ್ಣನದೇ ಉತ್ತರಗಳು. ಸಿಡುಕ ಮಂಚದಿಂದ ಇಳಿದ. ಹಿಂದಿನ ದಾರ ಬಿಚ್ಚಿಕೊಂಡಿತು, ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡ.

"ಗುರುವಾರ ಬೇಡ. ಇವತ್ತೇ. ಲೋಕಲ್ಲು."

"ಯಾರಿಗೆ ತೋರಿಸ್ತೀಯೋ ಪೌರುಷ? ಟಿಟಿ ಸೂಜಿಗೆ ಕಾಂಪೌಂಡರ್ ಮೇಲೇ ಬಿದ್ದೋನು ನೀನು!" ಎಂದ ಅಣ್ಣ.

"ಬಿದ್ದೆ. ಇವತ್ತೂ ಬೀಳಬಹುದು. ಕುರ್ಚೀಲಿ ಒರಗಿಸಿರ್ತಾರಲ್ಲ, ಅಲ್ಲಿಂದ ಎಲ್ಲಿಗೆ ಬೀಳ್ಲಿ?"

"ಹೆದರಿಕೆ ಆಗಲ್ವೇನೋ ಮಗಾ?" ಎಂದಳು ಅಮ್ಮ.

"ಆಗುತ್ತಮ್ಮ. ಎರಡಕ್ಕೂ ಆಗುತ್ತೆ. ಹೆದರೋವಾಗ ನಾನು ಅಲ್ಲಿರಬೇಕು, ಅಷ್ಟೇ."

"ನಾನು ನಿನ್ನ ಒಳ್ಳೇದಕ್ಕೆ ತಾನೇ..." ಅಣ್ಣನ ದನಿ ಇಳಿಯಿತು. "ರಜೆ ಹಾಕಿ ಬಂದಿದ್ದೀನಿ ಕಣೋ."

"ಗೊತ್ತಣ್ಣ. ನೀನು ಕೆಟ್ಟೋನಾಗಿದ್ರೆ ನಂಗೆ ಎಷ್ಟೋ ಸುಲಭ ಆಗ್ತಿತ್ತು."

ಅಣ್ಣ, ಸಿಡುಕ ಬಿಟ್ಟೆದ್ದ ಮಂಚದ ಮೇಲೆಯೇ ಕೂತುಬಿಟ್ಟ, ತಾನೇ ಪೇಷೆಂಟು ಎಂಬ ಹಾಗೆ.

ಕೆಳಗಿನ ಮಹಡಿಯಲ್ಲಿ ಡಾಕ್ಟರಮ್ಮ ಸಿಡುಕನಿಗೆಂದೇ ಇಟ್ಟುಕೊಂಡಿದ್ದ ಸಮಯ ಖಾಲಿ ಇತ್ತು. "ಲೋಕಲ್ಗೆ ಹಾಲು ಅಡ್ಡಿಯಿಲ್ಲ. ಇವತ್ತು ಎಡಗಡೆದು ಮಾತ್ರ. ಓದಿ ಸಹಿ ಹಾಕಿ" ಎಂದು ಒಪ್ಪಿಗೆಯ ಹಾಳೆ ಮುಂದಿಟ್ಟರು. ಸಿಡುಕ ಬೆರಳಿಟ್ಟು ಸಾಲು ಸಾಲಾಗಿ ಓದಿದ. ಅಣ್ಣ ಬಾಗಿಲಲ್ಲಿ ನಿಂತು ಎರಡು ಸಲ ಗಡಿಯಾರ ನೋಡಿದ, ಮೂರನೇ ಸಲ ಬಾಯಿ ತೆರೆದು ಮುಚ್ಚಿಕೊಂಡ. ತುಟಿ ಕೆಲವರಿಗೆ ತಿಂಗಳುಗಟ್ಟಲೆ ಮರಗಟ್ಟಿರಬಹುದು ಎಂಬ ಸಾಲಿನಲ್ಲಿ ಬೆರಳು ನಿಂತಿತು.

"ಇದು ಯಾಕೆ?"

ಡಾಕ್ಟರಮ್ಮ ಎಕ್ಸ್‌ರೇ ಎತ್ತಿ ಹಲ್ಲಿನ ಬುಡದ ಕೆಳಗೆ ಹಾದುಹೋಗುವ ನರವನ್ನು ತೋರಿಸಿದರು. "ಮಲಗಿಸಿ ಕಿತ್ರೂ ಇದು ಇದ್ದೇ ಇರುತ್ತೆ" ಎಂದರು.

"ಮಧ್ಯದಲ್ಲಿ ನಿಲ್ಲಿಸಬೇಕು ಅನ್ಸಿದ್ರೆ?"

"ಎಡಗೈ ಎತ್ತಿ. ಅಲ್ಲಿಗೇ ನಿಲ್ಲಿಸ್ತೀನಿ."

ಸಹಿ ಹಾಕಿದ.

ಸೂಜಿ ಮೂರು ಸಲ ಇಳಿಯಿತು. ಬೆನ್ನೆಲ್ಲ ಬೆವರು, ಕಣ್ಣ ಮುಂದೆ ಕಪ್ಪು ಚುಕ್ಕೆ. ಕುರ್ಚಿಯ ಕೈ ಬಿಡದೆ ಹಿಡಿದುಕೊಂಡ, ಚುಕ್ಕೆಗಳು ಮೆಲ್ಲಗೆ ಚದುರಿದವು. ಸ್ವಲ್ಪ ಹೊತ್ತಿಗೆ ಕೆಳತುಟಿ ಬೇರೆ ಯಾರದೋ ಆಯಿತು. ಡಾಕ್ಟರಮ್ಮ ಕೊಕ್ಕೆಯಿಂದ ಚುಚ್ಚಿ ಚುಚ್ಚಿ ಕೇಳಿದರು, ನೋವಿಲ್ಲ ಎಂದು ಸಿಡುಕ ತಲೆಯಾಡಿಸಿದ. ಯಂತ್ರ ಕುಯ್ಯೆಂದು ಶುರುವಾಯಿತು. ಹಲ್ಲಿಗೆ ತಾಗಿದೊಡನೆ ತಲೆಬುರುಡೆಯೊಳಗೇ ಶೆಡ್ಡು ತೆರೆದ ಹಾಗಾಯಿತು.

ಸಿಡುಕ ಎಡಗೈ ಎತ್ತಿದ.

ಯಂತ್ರ ನಿಂತಿತು. ಬಾಗಿಲಲ್ಲಿ ಅಣ್ಣ ಒಂದು ಹೆಜ್ಜೆ ಮುಂದೆ ಬಂದ.

"ನೋವಾ?"

ಇಲ್ಲವೆಂದು ತಲೆಯಾಡಿಸಿದ.

"ತಲೆ ಸುತ್ತಾ? ಉಸಿರು ಕಟ್ಟುತ್ತಾ?"

ಅದೂ ಇಲ್ಲ.

"ಮತ್ತೆ ಯಾಕಪ್ಪಾ ಕೈ ಎತ್ತಿದೆ?"

ಬಾಯೊಳಗೆ ಹತ್ತಿ, ಕೊಳವೆ. ಹೇಳುವಂತಿರಲಿಲ್ಲ. ಡಾಕ್ಟರಮ್ಮ ನಿಂತ ಯಂತ್ರವನ್ನೂ ಅವನ ಕಣ್ಣನ್ನೂ ನೋಡಿದರು.

"ನಿಲ್ಲುತ್ತೋ ಇಲ್ವೋ ಅಂತ ನೋಡಿದ್ಯಾ?"

ಹೌದು ಎಂದು ತಲೆಯಾಡಿಸಿದ.

"ಸಾಕಾ, ಇನ್ನೊಂದ್ಸಲ ನೋಡ್ಬೇಕಾ?"

ಸಿಡುಕ ಕೈ ಇಳಿಸಿ, ಯಾರೂ ಹೇಳದೆ ತಾನೇ ಬಾಯಿ ಅಗಲಿಸಿದ.